ಡಿಸೆಂಬರ್ ಚಳಿಯಲ್ಲಿ ಗಾಳ ಹಾಕೋದು ದಂಡವಾ? ಕೊಡಗಿನ ಹೊಳೆ, ಎಸ್ಟೇಟ್ ಕೆರೆ, ಹಿನ್ನೀರು ಎಲ್ಲದಕ್ಕೂ ಸೇರಿ ಒಂದೇ ಚರ್ಚೆ

ಹಟ್ಟಿಹೊಳೆ
ಹುತ್ತರಿ ಮುಗೀತಿದ್ದ ಹಾಗೆ ಪ್ರತಿವರ್ಷ ಇದೇ ಪ್ರಶ್ನೆ ಹತ್ತು ಕಡೆ ಬರುತ್ತೆ. ಒಂದೇ ಕಡೆ ಬರೆದಿಡೋಣ ಅಂತ ಶುರು ಮಾಡ್ತಿದ್ದೇನೆ.

ಡಿಸೆಂಬರ್ ನಡುವಿನಿಂದ ಜನವರಿ ಕೊನೆವರೆಗೆ ಮೀನು ಗಾಳ ಮುಟ್ಟಲ್ಲ ಅನ್ನೋದು ವಾಡಿಕೆ ಮಾತು. ಮುಟ್ಟುತ್ತೆ. ನಾವು ಹೋಗೋ ಹೊತ್ತು ತಪ್ಪು, ಅಷ್ಟೇ. ಮಾರ್ಚ್, ಏಪ್ರಿಲ್‌ನಲ್ಲಿ ಬೆಳಿಗ್ಗೆ 6ಕ್ಕೆ ದಂಡೆಯಲ್ಲಿ ಇರಬೇಕು, ಸರಿ. ಅದೇ ಲೆಕ್ಕ ಹಿಡ್ಕೊಂಡು ಡಿಸೆಂಬರ್‌ನಲ್ಲೂ ಮಂಜಿನಲ್ಲಿ ನಡುಗ್ತಾ ಕೂತ್ರೆ ನೆಗಡಿ ಬಿಟ್ಟು ಬೇರೇನೂ ಸಿಗಲ್ಲ. ಮೀನಿಗೆ ಮೈಯೊಳಗೆ ಕಾವು ಇಲ್ಲ, ನೀರಿನ ಕಾವೇ ಅದರ ಕಾವು. ನೀರು 10 ಡಿಗ್ರಿ ಇಳಿದರೆ ಮೈಯ ಕೆಲಸ ಸುಮಾರು ಅರ್ಧಕ್ಕೆ ಇಳಿಯುತ್ತೆ. ತಿಂದದ್ದು ಅರಗೋದು ನಿಧಾನ, ಹಸಿವೂ ಕಡಿಮೆ. ಹಾಗಂತ ಪೂರ್ತಿ ಉಪವಾಸ ಕೂರಲ್ಲ. ದಿನದಲ್ಲಿ ಎರಡು ಮೂರು ಗಂಟೆ ತಿನ್ನುತ್ತೆ. ಆ ಹೊತ್ತು ಬೆಳಿಗ್ಗೆ 11ರಿಂದ ಮಧ್ಯಾಹ್ನ 3:30ರ ಒಳಗೆ ಬರುತ್ತೆ.

ನೀರಿನ ಮೇಲೆ ಹಬೆ ಏಳ್ತಾ ಇದ್ರೆ ನೀರು ಗಾಳಿಗಿಂತ ಬೆಚ್ಚಗಿದೆ ಅಂತ ಅರ್ಥ. ಅಂದ್ರೆ ನೀರು ಇನ್ನೂ ಕಾವು ಕಳ್ಕೊಳ್ತಾ ಇದೆ. ಹಬೆ ನಿಂತು ಒಂದು ಗಂಟೆ ಕಳೆಯೋವರೆಗೆ ಗಾಳ ಬಿಚ್ಚೋ ಕೆಲಸವೇ ಇಲ್ಲ.

ಸೀಸದಗುಂಡು
ಅಣ್ಣ, ಅರ್ಧ ಒಪ್ಪುತ್ತೇನೆ. ಗಡಿಯಾರ ನೋಡಿ ಹೋಗೋದಕ್ಕಿಂತ ಥರ್ಮಾಮೀಟರ್ ನೋಡಿ ಹೋಗೋದು ವಾಸಿ. ಅಕ್ವೇರಿಯಂ ಅಂಗಡಿಯಲ್ಲಿ ಸಿಗೋ ಗಾಜಿನ ಥರ್ಮಾಮೀಟರ್ ಸಾಕು. ಅಗಲ ಬಾಯಿಯ ಪ್ಲಾಸ್ಟಿಕ್ ಬಾಟಲಿಯೊಳಗೆ ಒಂದು ಕಲ್ಲು, ಥರ್ಮಾಮೀಟರ್ ಎರಡೂ ಇಟ್ಟು, ಕುತ್ತಿಗೆಗೆ ದಾರ ಕಟ್ಟಿ ಮುಚ್ಚಳ ಇಲ್ಲದೆ ಇಳಿಸಿ. 5 ನಿಮಿಷ ಬಿಟ್ಟು ಸರಕ್ಕನೆ ಎಳೆದುಕೊಳ್ಳಿ. ಆಳದ ನೀರು ಬಾಟಲಿಯಲ್ಲೇ ಬರೋದ್ರಿಂದ ಮೇಲೆ ಬರೋಷ್ಟರಲ್ಲಿ ಅಂಕಿ ಬದಲಾಗಲ್ಲ. ಬರೀ ಥರ್ಮಾಮೀಟರ್ ಇಳಿಸಿದ್ರೆ ಎಳೆಯುವಾಗ ಮೇಲಿನ ನೀರಿನ ಅಂಕಿ ತೋರಿಸುತ್ತೆ.

ಕಾಟ್ಲಾ, ರೋಹುಗೆ ನನ್ನ ಲೆಕ್ಕ ಹೀಗೆ. 23ರ ಮೇಲಿದ್ರೆ ಎಂದಿನಂತೆ ಹಾಕಿ. 20ರಿಂದ 23 ಇದ್ರೆ ಮಧ್ಯಾಹ್ನ ಮಾತ್ರ, ಇರೆ (ಗಾಳಕ್ಕೆ ಸಿಕ್ಕಿಸೋ ತಿನಿಸು) ಅರ್ಧ. 20ಕ್ಕಿಂತ ಕೆಳಗೆ ಹೋದ್ರೆ ಕಾಟ್ಲಾ ಮರೆತುಬಿಡಿ. ಸಾಮಾನ್ಯ ಗೆಂಡೆ ಅಂದ್ರೆ ಕಾಮನ್ ಕಾರ್ಪ್ ತಣ್ಣೀರಿನ ಜಾತಿ, ಅದು ಆಗಲೂ ತಳ ಕೆದಕ್ತಾ ಇರುತ್ತೆ. ಜಿಲೇಬಿ ಅಂದ್ರೆ ತಿಲಾಪಿಯಾಗೂ ಚಳಿ ಆಗಲ್ಲ. 17ರ ಹತ್ತಿರ ಬಂದ್ರೆ ಅದು ಮುಟ್ಟೋದೇ ಇಲ್ಲ.

ಹೊಸಗಾಳ
ಹಾರಂಗಿ ಹಿನ್ನೀರಿನ ಹತ್ತಿರ ಮನೆ. ಎಲ್ಲಿ ಕೂರಬೇಕು ಅಂತ ಹೇಳಿ ಸರ್, ಹೊತ್ತು ಅರ್ಥ ಆಯ್ತು.

ಹಟ್ಟಿಹೊಳೆ
@ಹೊಸಗಾಳ ಬಿಸಿಲು ಬೀಳೋ ಕಡೆ. ಇದರಲ್ಲಿ ಸ್ವಲ್ಪ ಲೆಕ್ಕ ಇದೆ.

ಡಿಸೆಂಬರ್ ಕೊನೆಗೆ ನಮ್ಮಲ್ಲಿ ನಡುಹಗಲ ಸೂರ್ಯ ನೆತ್ತಿ ಮೇಲೆ ಬರಲ್ಲ, ದಕ್ಷಿಣಕ್ಕೆ ವಾಲಿ ಸುಮಾರು 54 ಡಿಗ್ರಿ ಎತ್ತರದಲ್ಲೇ ನಿಲ್ಲುತ್ತೆ. ಹಾಗಾಗಿ ದಕ್ಷಿಣ ದಂಡೆಯಲ್ಲಿ 10 ಮೀಟರ್ ಎತ್ತರದ ಬಿದಿರು ಮೆಳೆ ಇದ್ರೆ ನಡುಹಗಲಲ್ಲೂ 7 ಮೀಟರ್ ಒಳಗಿನವರೆಗೆ ನೀರಿಗೆ ನೆರಳು. ಉತ್ತರ ದಂಡೆಗೆ ಇಡೀ ದಿನ ಬಿಸಿಲು. ಕಪ್ಪು ಮಣ್ಣಿನ ತಳ, ಸೊಂಟದಾಳದ ನೀರು, ಗಾಳಿಗೆ ಮರೆ ಇರೋ ಕೊರಕಲು ಉತ್ತರ ದಂಡೆಯಲ್ಲಿ ಸಿಕ್ಕಿದ್ರೆ ಅದೇ ಜಾಗ. ಬೇಸಿಗೆಯಲ್ಲಿ ನೆರಳು ಹುಡುಕ್ತೀವಲ್ಲ, ಈಗ ಅದರ ಉಲ್ಟಾ.

ಇನ್ನೊಂದು, ಮೋಡ ಇದ್ದ ರಾತ್ರಿಗಿಂತ ಚುಕ್ಕಿ ತುಂಬಿದ ರಾತ್ರಿಯಲ್ಲಿ ನೀರು ಜಾಸ್ತಿ ಆರುತ್ತೆ. ಆಕಾಶ ಶುಭ್ರ ಇದ್ದ ರಾತ್ರಿಯ ಮಾರನೇ ದಿನ 12ರ ಮೊದಲು ಹೊರಡಬೇಡಿ. ಎರಡು ಮೂರು ದಿನ ಒಂದೇ ಸಮ ಬಿಸಿಲು ಬಿದ್ದ ಮೇಲಿನ ಮಧ್ಯಾಹ್ನ ಎಲ್ಲಕ್ಕಿಂತ ಒಳ್ಳೇದು.

ಹಿನ್ನೀರಿನಲ್ಲಿ ಸಂಘಗಳಿಗೆ ಮೀನುಗಾರಿಕೆ ಹಕ್ಕು ಕೊಟ್ಟಿರೋ ಭಾಗಗಳಿರುತ್ತವೆ. ಕೂರೋ ಮೊದಲು ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಕೇಳಿ ಪರವಾನಗಿ ಮಾಡಿಸಿಕೊಳ್ಳಿ. ಅಣೆಕಟ್ಟೆ ಮೇಲೆ, ತೂಬಿನ ಹತ್ತಿರ ಹೋಗೋ ಹಾಗೇ ಇಲ್ಲ.

ತೌಡುಹಿಂಡಿ
ಹೊತ್ತು, ಜಾಗ ಎರಡೂ ಸರಿ ಇದ್ದು ಬರಿಗೈಲಿ ಬರೋರೇ ಹೆಚ್ಚು. ತಪ್ಪು ಇರುವುದು ಇರೆಯಲ್ಲಿ.

ರಾಗಿ ಉಂಡೆಯನ್ನೇ ತಗೊಳ್ಳಿ. 250 ಗ್ರಾಂ ರಾಗಿ ಹಿಟ್ಟನ್ನು ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ, ಕುದಿಯೋ ನೀರಿಗೆ ಹಾಕಿ 20 ನಿಮಿಷ ಬೇಯಿಸಬೇಕು. ಉಂಡೆ ಮುರಿದು ನೋಡಿ, ನಡುವೆ ಒಣ ಹಿಟ್ಟು ಕಂಡ್ರೆ ಇನ್ನೂ 5 ನಿಮಿಷ. ಬಿಸಿ ಇದ್ದಾಗಲೇ ಒಂದು ಚಮಚ ಕಡಲೆಕಾಯಿ ಹಿಂಡಿ ಪುಡಿ ಹಾಕಿ ಮತ್ತೆ ನಾದಿ. ಬೆಂದ ಹಿಟ್ಟು ರಬ್ಬರಿನ ಹಾಗೆ ಎಳೆ ಹಿಡಿಯುತ್ತೆ, ಹಸಿ ಹಿಟ್ಟು ನೀರಿಗೆ ಬಿದ್ದ ತಕ್ಷಣ ಕರಗುತ್ತೆ.

ಚಳಿಯಲ್ಲಿ ಎಡವಟ್ಟು ಆಗೋದು ಆಮೇಲೆ. ಬೇಯಿಸಿದ ರಾಗಿ ತಣ್ಣಗಾದಷ್ಟೂ ಗಟ್ಟಿಯಾಗಿ ಬಿರುಕು ಬಿಡುತ್ತೆ. ತಂಗಳು ಮುದ್ದೆ ನೋಡಿದವರಿಗೆ ಹೇಳಬೇಕಾಗಿಲ್ಲ. ಮೀನು ಮೊದಲೇ ಅರೆಮನಸ್ಸಿನಲ್ಲಿ ಬಂದಿರುತ್ತೆ, ಕಲ್ಲಿನಂಥ ಉಂಡೆ ಬಾಯಿಗೆ ತಾಗಿದ್ರೆ ಉಗುಳಿಬಿಡುತ್ತೆ. ಅದಕ್ಕೆ ನಾದುವಾಗ ಅರ್ಧ ಮಾಗಿದ ಬಾಳೆಹಣ್ಣು ಸೇರಿಸಿ, ಒದ್ದೆ ಬಟ್ಟೆ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಹಾಕಿ ಸ್ವೆಟರ್ ಒಳಗಿನ ಜೇಬಿನಲ್ಲಿ ಇಟ್ಕೊಳ್ಳಿ. ಮೈ ಬಿಸಿಗೆ ಮೆತ್ತಗೆ ಇರುತ್ತೆ. ಗಾಳಕ್ಕೆ ಹಾಕೋದು ನಿಂಬೆ ಗಾತ್ರ ಅಲ್ಲ, ಬಟಾಣಿ ಗಾತ್ರ. ಗಾಳದ ತುದಿ ಹೊರಗೆ ಕಾಣ್ತಾ ಇರಲಿ.

ಎರೆಹುಳುವಿಗೂ ಅಷ್ಟೇ. ಮಳೆಗಾಲದಲ್ಲಿ ಮೂರು ಹುಳ ಗೊಂಚಲು ಮಾಡ್ತೀವಿ, ಈಗ ಅರ್ಧ ಹುಳ ಸಾಕು. ಗದ್ದೆ ಒಣಗಿದ ಮೇಲೆ ಹುಳ ಮೇಲ್ಮಣ್ಣಲ್ಲಿ ಸಿಗಲ್ಲ. ಸಗಣಿ ಗುಂಡಿಯ ಬುಡ, ಬಚ್ಚಲು ನೀರು ಹರಿಯೋ ಬಾಳೆ ಬುಡ ಅಗೆಯಿರಿ.

ಚೆಲ್ಲು ಇರೆ ಬಗ್ಗೆ: ತೌಡು 4 ಪಾಲು, ಹಿಂಡಿ 1 ಪಾಲು ಕಲಸಿ ಉಂಡೆ ಎಸೆಯೋದು ಸರಿ. ಆದ್ರೆ ಕಿಲೋಗಟ್ಟಲೆ ಎಸೆದ್ರೆ ಮೀನು ಅದನ್ನೇ ಎರಡು ಉಂಡೆ ತಿಂದು ಸಂಜೆವರೆಗೆ ಸುಮ್ಮನಾಗುತ್ತೆ. ಕೂತಾಗ ಎರಡು ಮುಷ್ಟಿ, ಮೀನು ಹಿಡಿದ ಮೇಲೆ ಒಂದು ಮುಷ್ಟಿ. ಹಿಡಿಯದಿದ್ರೆ ಮತ್ತೆ ಎಸೆಯಬೇಡಿ.

ಸೀಸದಗುಂಡು
ಇದಕ್ಕೆ ನೂಲು, ಬೆಂಡು (ಮೀನು ಕಚ್ಚಿದ್ದು ತೋರಿಸೋಕೆ ನೀರಿನ ಮೇಲೆ ತೇಲೋದು) ಸೇರಿಸ್ತೇನೆ.

ಮಳೆ ನಿಂತು ತಿಂಗಳಾದ ಮೇಲೆ ನೀರು ತಿಳಿ. ಕೆಂಪು ನೀರಿನಲ್ಲಿ ನಡೆದ 0.40 ಮಿ.ಮೀ. ನೂಲು ಈಗ ಹಗ್ಗದ ಹಾಗೆ ಕಾಣುತ್ತೆ. ಅರ್ಧ ಕಿಲೋ, ಒಂದು ಕಿಲೋ ಗೆಂಡೆಗೆ 0.22 ಸಾಕು, ಗಾಳ 8 ಅಥವಾ 10ನೇ ನಂಬರು. ದೊಡ್ಡ ಮೀನು ಇರೋ ಕೆರೆಗೆ 0.28, ಗಾಳ 6. ನಂಬರು ಹೆಚ್ಚಾದಷ್ಟೂ ಗಾಳ ಚಿಕ್ಕದು ಅನ್ನೋದು ಹೊಸಬರಿಗೆ ನೆನಪಿರಲಿ.

ನೈಲಾನ್ ನೂಲು ಚಳಿಯಲ್ಲಿ ಬಿರುಸಾಗಿ, ರೀಲಿನ ಸುರುಳಿ ಹಾಗೇ ಉಳ್ಕೊಳ್ಳುತ್ತೆ. ಆ ಸ್ಪ್ರಿಂಗ್ ಇರೋವರೆಗೆ ಬೆಂಡಿಗೆ ಸುದ್ದಿ ಮುಟ್ಟಲ್ಲ. ಹೊರಡೋ ಮೊದಲು 20 ಮೀಟರ್ ಬಿಚ್ಚಿ, ತುದಿ ಗೂಟಕ್ಕೆ ಕಟ್ಟಿ, ಒದ್ದೆ ಬಟ್ಟೆಯಲ್ಲಿ ಹಿಡಿದು ನಿಧಾನ ಜಗ್ಗಿ. ಒಣ ಬಟ್ಟೆಯಲ್ಲಿ ಉಜ್ಜಿದ್ರೆ ಬಿಸಿಗೆ ನೂಲು ಸಾಯುತ್ತೆ. ಗಂಟು ಬಿಗಿಯುವಾಗಲೂ ಎಂಜಲು ಹಚ್ಚೇ ಬಿಗಿಯಿರಿ, ಒಣ ಗಂಟು ಹರಿಯೋದು ಗಂಟಿನಲ್ಲೇ.

ಬೆಂಡು: ದಪ್ಪ ಥರ್ಮೊಕೋಲ್ ಬೆಂಡು ಬಿಡಿ. ನವಿಲುಗರಿಯ ದಂಟು ಅಥವಾ ತೆಳು ಕಡ್ಡಿ ಬೆಂಡಿಗೆ ಸೀಸ ಕಚ್ಚಿಸಿ, ನೀರಿನ ಮೇಲೆ ತುದಿ 1 ಸೆಂ.ಮೀ. ಮಾತ್ರ ಕಾಣೋ ಹಾಗೆ ಹೊಂದಿಸಿ. ಕೊನೆಯ ಸೀಸದ ಗುಂಡು ಗಾಳದಿಂದ 5 ಸೆಂ.ಮೀ. ಮೇಲೆ ಇರಲಿ, ಅದು ತಳಕ್ಕೆ ತಾಗಿ ಕೂರಬೇಕು. ಮೀನು ಇರೆ ಎತ್ತಿದಾಗ ಆ ಗುಂಡೂ ಏಳುತ್ತೆ, ಬೆಂಡಿನ ಮೇಲಿನ ಭಾರ ಕಡಿಮೆಯಾಗಿ ಬೆಂಡು ಮೇಲಕ್ಕೆ ಬರುತ್ತೆ. ಚಳಿಗಾಲದ ಕಚ್ಚುವಿಕೆ ಅಂದ್ರೆ ಇದು, ಬೆಂಡು ಮುಳುಗಲ್ಲ, ಏಳುತ್ತೆ. ಒಂದು ಬೆರಳು ಎದ್ದು ಅಡ್ಡ ಬಿತ್ತೋ, ಎಳೆಯಿರಿ. ಮುಳುಗಲಿ ಅಂತ ಕಾದ್ರೆ ಅಷ್ಟರಲ್ಲಿ ಉಗುಳಿ ಆಗಿರುತ್ತೆ.

ಬರಪೊಳೆ
ಮಾರಾಯ್ರೆ, ನೀವೆಲ್ಲ ಕೆರೆ ಲೆಕ್ಕದಲ್ಲೇ ಮಾತಾಡ್ತಿದ್ದೀರಿ. ಹರಿಯೋ ಹೊಳೆಯಲ್ಲಿ ಮೇಲೆ ಬೆಚ್ಚಗೆ, ಕೆಳಗೆ ತಣ್ಣಗೆ ಅನ್ನೋ ಪದರವೇ ಇಲ್ಲ, ನೀರು ಕಲಸ್ತಾನೇ ಇರುತ್ತೆ. ಅಲ್ಲಿ ಮೀನು ಬಿಸಿಲು ಹುಡುಕೋದಕ್ಕಿಂತ ಸುಮ್ಮನಿರೋ ನೀರು ಹುಡುಕುತ್ತೆ. ಸೆಳವಿನಲ್ಲಿ ನಿಲ್ಲೋಕೆ ಶಕ್ತಿ ಖರ್ಚು, ಚಳಿಯಲ್ಲಿ ಆ ಖರ್ಚು ಗಿಟ್ಟಲ್ಲ. ಮಡುವಿನ ಬಾಯಿ, ಅಂದ್ರೆ ಸೆಳವು ಬಂದು ಆಳಕ್ಕೆ ಇಳಿಯೋ ಜಾಗದ ಪಕ್ಕ, ಬಂಡೆಯ ಹಿಂದಿನ ಸುಳಿ, ಮರದ ಬೇರಿನಡಿ ನೋಡಿ. ಇರೆಯನ್ನ ಸೆಳವಿನಲ್ಲೇ ಬಿಟ್ಟು ಹಾಯಾಗಿ ಮಡುವಿಗೆ ಇಳಿಯೋಕೆ ಬಿಡಬೇಕು. ಸ್ಪಿನ್ನರ್ (ತಿರುಗೋ ತಗಡಿನ ಹುಸಿ ಇರೆ) ಹಾಕೋರು ಬೇಸಿಗೆಯ ಅರ್ಧ ವೇಗದಲ್ಲಿ ಸುತ್ತಿ. ತಗಡು ತಿರುಗೋಷ್ಟು ಮಾತ್ರ.

ತಿಳಿ ನೀರು ಅಂದ್ರೆ ಮೀನಿಗೂ ನೀವು ಕಾಣ್ತೀರಿ. ದಂಡೆಯಲ್ಲಿ ಎದ್ದು ನಿಂತು ಎಸೆಯಬೇಡಿ, ಕೂತೇ ಎಸೆಯಿರಿ. ಬೆನ್ನಿಗೆ ಬಿಸಿಲು ಬಂದ್ರೆ ನೆರಳು ನೀರಿಗೆ ಬೀಳುತ್ತೆ. ಉತ್ತರ ದಂಡೆಯಲ್ಲಿ ಕೂತ್ರೆ ನೆರಳು ಹಿಂದಕ್ಕೇ ಬೀಳುತ್ತೆ, ಅಷ್ಟರ ಮಟ್ಟಿಗೆ ಹಟ್ಟಿಹೊಳೆ ಅಣ್ಣನ ಮಾತು ಹೊಳೆಗೂ ಸರಿ.

ಹೊಸಗಾಳ
ಬಿಳಿಮೀನು ಅಂದ್ರೆ ಮಹಶೀರ್ ಈ ಕಾಲದಲ್ಲಿ ಹಿಡಿಯಬಹುದಾ?

ಬರಪೊಳೆ
@ಹೊಸಗಾಳ ತಿನ್ನೋಕೆ ಅಂತ ಕೇಳ್ತಿದ್ರೆ ಬೇಡ. ಕಾವೇರಿ ಕೊಳ್ಳ ಬಿಟ್ಟು ಬೇರೆಲ್ಲೂ ಇಲ್ಲದ ಡುಬ್ಬದ ಮಹಶೀರ್‌ನ 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ತೀವ್ರ ಅಳಿವಿನಂಚಿನ ಪಟ್ಟಿಗೆ ಹಾಕಿದೆ. ಹೊಳೆಯಲ್ಲಿ ಈಗ ಹೆಚ್ಚು ಕಾಣೋದು ಮೊಟ್ಟೆಕೇಂದ್ರದಲ್ಲಿ ಮರಿ ಮಾಡಿ ಬಿಟ್ಟ ನೀಲಿ ರೆಕ್ಕೆಯ ಜಾತಿ. ಎರಡನ್ನೂ ನೀರಿನಲ್ಲಿ ಗುರುತಿಸೋದು ಕಷ್ಟ, ಹಾಗಾಗಿ ಯಾವುದೇ ಬಿಳಿಮೀನು ಸಿಕ್ಕರೂ ಬಿಡೋದೇ ಸರಿ.

ವಾಲ್ನೂರು ಕಡೆಯ ಕಾವೇರಿ ಪಾಲನ್ನ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಕಾಯ್ದುಕೊಂಡು ಬಂದಿದೆ. ಅಲ್ಲಿ ಅನುಮತಿ ಇಲ್ಲದೆ ಗಾಳ ಇಳಿಸೋ ಹಾಗಿಲ್ಲ, ಹಿಡಿದದ್ದನ್ನ ಬಿಡಲೇಬೇಕು. ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಅಭಯಾರಣ್ಯಗಳೊಳಗಿನ ನೀರಿಗೆ ಗಾಳ ಹಾಕೋ ಮಾತೇ ಇಲ್ಲ.

ಬಿಡೋ ಮೀನಿಗೆ ಚಳಿಗಾಲ ಒಳ್ಳೇ ಕಾಲ. ತಣ್ಣೀರು ಆಮ್ಲಜನಕ ಜಾಸ್ತಿ ಹಿಡಿಯುತ್ತೆ. ಸಮುದ್ರಮಟ್ಟದ ಲೆಕ್ಕದಲ್ಲಿ 25 ಡಿಗ್ರಿಯಲ್ಲಿ ಲೀಟರಿಗೆ 8.3 ಮಿ.ಗ್ರಾಂ., 20ರಲ್ಲಿ 9.1, 15ರಲ್ಲಿ 10.1. ನಮ್ಮ ಎತ್ತರಕ್ಕೆ ಅದರಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಕಳೀರಿ. ಎಳೆದಾಡಿ ಸುಸ್ತಾದ ಮೀನು ಏಪ್ರಿಲ್‌ಗಿಂತ ಬೇಗ ಚೇತರಿಸಿಕೊಳ್ಳುತ್ತೆ. ಗಾಳದ ಮುಳ್ಳನ್ನ ಇಕ್ಕಳದಲ್ಲಿ ಒತ್ತಿ ಮಟ್ಟ ಮಾಡಿ. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ಉಣ್ಣೆ ಕೈಗವಸು ಹಾಕ್ಕೊಂಡು ಹಿಡಿದ್ರೆ ಮೈ ಮೇಲಿನ ಲೋಳೆ ಎಲ್ಲ ಉಜ್ಜಿ ಹೋಗಿ ಆಮೇಲೆ ಬೂಷ್ಟು ಹಿಡಿಯುತ್ತೆ. ಸೆಳವಿಗೆ ಮುಖ ಮಾಡಿ ಹೊಟ್ಟೆ ಕೆಳಗೆ ಕೈ ಕೊಟ್ಟು ಹಿಡ್ಕೊಳ್ಳಿ. ತಾನಾಗಿ ಬಾಲ ಒದ್ದು ಹೋಗಬೇಕು, ನೀವು ತಳ್ಳೋದಲ್ಲ.

ಕೆರೆಏರಿ
ಗಾಳದವರ ನಡುವೆ ಕೆರೆ ಸಾಕುವವರ ಮಾತೂ ಇರಲಿ. ಎಸ್ಟೇಟ್ ಕೆರೆಯಲ್ಲಿ ಮೀನು ಬಿಟ್ಟವರು ಚಳಿಗಾಲದಲ್ಲಿ ಮಾಡುವ ದೊಡ್ಡ ತಪ್ಪು ಮೇವು ಕಡಿಮೆ ಮಾಡದಿರುವುದು.

ಲೆಕ್ಕಕ್ಕೆ 500 ಗ್ರಾಂ ತೂಕದ 300 ಮೀನು ಅಂದುಕೊಳ್ಳಿ. ಒಟ್ಟು 150 ಕಿಲೋ. ಅಕ್ಟೋಬರಿನಲ್ಲಿ ಮೈತೂಕದ 2 ಶೇಕಡ ಅಂದರೆ 3 ಕಿಲೋ ಹಾಕುತ್ತಿದ್ದರೆ, ಡಿಸೆಂಬರಿನಲ್ಲಿ 1 ಶೇಕಡ, ಒಂದೂವರೆ ಕಿಲೋ. ಅದನ್ನೂ ಬೆಳಿಗ್ಗೆ ಸಂಜೆ ಎರಡು ಸಲ ಬೇಡ, 11 ಗಂಟೆ ಸುಮಾರಿಗೆ ಒಂದೇ ಸಲ. ಬಿದಿರು ತಟ್ಟೆಯಲ್ಲಿ ಇಟ್ಟು ಇಳಿಸಿ, ಎರಡು ಗಂಟೆ ಬಿಟ್ಟು ಎತ್ತಿ ನೋಡಿ. ಉಳಿದಿದ್ದರೆ ಮರುದಿನ ಅರ್ಧ ಮಾಡಿ. ಉಳಿದ ಮೇವು ತಳದಲ್ಲಿ ಕೊಳೆತು ಆಮ್ಲಜನಕ ತಿನ್ನುತ್ತದೆ.

ನವೆಂಬರ್, ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತದಿಂದ ಎರಡು ಮೂರು ದಿನ ಮೋಡ ಮುಚ್ಚಿ ಜಿನುಗುತ್ತದಲ್ಲ, ಅದು ಚಳಿಗಿಂತ ಅಪಾಯ. ಬಿಸಿಲಿಲ್ಲದೆ ನೀರಿನ ಹಸಿರು ಪಾಚಿ ಆಮ್ಲಜನಕ ಮಾಡುವುದಿಲ್ಲ, ರಾತ್ರಿ ಮಾತ್ರ ಎಳೆದುಕೊಳ್ಳುತ್ತಲೇ ಇರುತ್ತದೆ. 15, 20 ಅಡಿ ಆಳದ ಕೆರೆಯಾದರೆ ಮೇಲಿನ ನೀರು ತಣ್ಣಗಾಗಿ ಭಾರವಾಗಿ ಕೆಳಗಿಳಿದು, ತಳದ ಉಸಿರಿಲ್ಲದ ನೀರು ಮೇಲೆ ಬರುತ್ತದೆ. ಕೊಳೆತ ಮೊಟ್ಟೆ ವಾಸನೆ ಬಂದರೆ ಅದೇ. ಬೆಳಗಿನ ಜಾವ ಮೀನು ಬಾಯಿ ಮೇಲೆತ್ತಿ ಗುಟುಕರಿಸುತ್ತಿದ್ದರೆ ಮೇವು ಪೂರ್ತಿ ನಿಲ್ಲಿಸಿ, ಪಂಪಿನ ಫುಟ್‌ವಾಲ್ವ್ ಅನ್ನು ಮೇಲಿನ ಎರಡು ಅಡಿಯೊಳಗೆ ಕಟ್ಟಿ, ಅದೇ ನೀರನ್ನು ಕೆರೆಗೇ ಚಿಮ್ಮುವ ಹಾಗೆ ಬಿಡಿ. ಫುಟ್‌ವಾಲ್ವ್ ತಳದಲ್ಲಿದ್ದರೆ ಕೆಟ್ಟ ನೀರನ್ನೇ ಎತ್ತಿ ಹರಡಿದ ಹಾಗಾಗುತ್ತದೆ.

ಮೈ ಮೇಲೆ ಕೆಂಪು ಹುಣ್ಣು ಕಾಣುವುದೂ ಈ ತಿಂಗಳುಗಳಲ್ಲೇ. ಕೊರವ, ಸಣ್ಣ ಗೆಂಡೆಗಳಲ್ಲಿ ಮೊದಲು ಕಾಣುತ್ತದೆ. ನಮ್ಮ ಮಣ್ಣು ಹುಳಿ, ನೀರು ಮೆದು, ಅದಕ್ಕೆ ಮಳೆ ನಿಂತ ಮೇಲೆ ಎಕರೆಗೆ 80 ಕಿಲೋದವರೆಗೆ ಸುಣ್ಣವನ್ನು ಎರಡು ಮೂರು ಕಂತಿನಲ್ಲಿ ಕೊಡುವುದು ಮೊದಲ ಕಾವಲು. ಸುಟ್ಟ ಸುಣ್ಣವನ್ನು ಡ್ರಮ್ಮಿನಲ್ಲಿ ಅರಳಿಸಿ, ಆರಿಸಿ, ತಿಳಿಯಾಗಿ ಕಲಸಿ ಬೆಳಿಗ್ಗೆ ಎರಚಿ. ಮೀನು ಬಾಯಿ ಎತ್ತುತ್ತಿರುವ ದಿನ ಸುಣ್ಣ ಮುಟ್ಟಬೇಡಿ. ಹುಣ್ಣು ಬಂದೇಬಿಟ್ಟರೆ ಭುವನೇಶ್ವರದ ಸಿಹಿನೀರು ಮೀನುಕೃಷಿ ಸಂಸ್ಥೆ ಸಿಫಾ ರೂಪಿಸಿದ ಸಿಫಾಕ್ಸ್ ಔಷಧಿ ಇದೆ. ಒಂದು ಹೆಕ್ಟೇರ್, ಒಂದು ಮೀಟರ್ ಆಳಕ್ಕೆ 1 ಲೀಟರ್. ಎಕರೆ ಕೆರೆ, ಒಂದು ಮೀಟರ್ ನೀರಿಗೆ 400 ಮಿ.ಲೀ. ಆಯಿತು. ಆಳ ಹೆಚ್ಚಿದ್ದರೆ ಅದೇ ಪ್ರಮಾಣದಲ್ಲಿ ಹೆಚ್ಚಿಸಿ.

ದುಂಡಗೆ ಹಸಿರು ಬಿಲ್ಲೆಯಂಥ ಹೇನು ಅಂಟಿಕೊಂಡಿದ್ದರೆ ಬಿದಿರಿನ ತಟ್ಟಿ ನಾಲ್ಕು ಕಡೆ ಇಳಿಸಿ. ಹೇನು ಅದಕ್ಕೇ ಮೊಟ್ಟೆ ಇಡುತ್ತದೆ. ವಾರಕ್ಕೊಮ್ಮೆ ಎತ್ತಿ ಬಿಸಿಲಿಗೆ ಚೆನ್ನಾಗಿ ಒಣಗಿಸಿ ಮತ್ತೆ ಇಳಿಸಿ.

ತೌಡುಹಿಂಡಿ
@ಕೆರೆಏರಿ ಸರ್, ಹೇಗೂ ಫೆಬ್ರವರಿಯಲ್ಲಿ ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹಾಕಿ ಕೆರೆ ಬತ್ತಿಸ್ತೀರಲ್ಲ. ಆ ಮೊದಲೇ ಹಿಡಿಯೋದು ಒಳ್ಳೇದಲ್ವಾ?

ಕೆರೆಏರಿ
ಹೌದು, ಅದಕ್ಕೇ ಜನವರಿ ಮಧ್ಯಾಹ್ನಗಳನ್ನು ಗಾಳದವರಿಗೆ ಬಿಟ್ಟುಕೊಡುವುದು. ನೀರು ಮೂರು ಅಡಿಗೆ ಇಳಿದ ಮೇಲೆ ಹಗಲು ಕಾದು, ರಾತ್ರಿ ಆರಿ, ಮೀನು ಸೊರಗುತ್ತದೆ. ನೀರುನಾಯಿಗೂ ಹಬ್ಬ. ಬಲೆ ಎಳೆಯುವ ಹಿಂದಿನ ದಿನ ಮೇವು ಬೇಡ. ಹೊಟ್ಟೆ ಖಾಲಿ ಇದ್ದರೆ ಬದುಕಿ ಸಾಗುತ್ತದೆ, ಮಾಂಸವೂ ಬೇಗ ಕೆಡುವುದಿಲ್ಲ. ಕೆಸರು ವಾಸನೆಯ ದೂರು ಇದ್ದರೆ ಸಿಮೆಂಟ್ ತೊಟ್ಟಿಯ ಹರಿಯುವ ನೀರಿನಲ್ಲಿ ಎರಡು ಮೂರು ದಿನ ಬಿಡಿ. ವಾಸನೆ ನೀರಿನಿಂದ ಬಂದದ್ದು, ನೀರಿನಲ್ಲೇ ಹೋಗಬೇಕು. ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿ ಮುಚ್ಚಬಹುದು ಅನ್ನುವವರ ಜೊತೆ ನನ್ನ ಜಗಳ ಇದೆ.

ಏಲಕ್ಕಿಕಾಡು
ಎಲ್ಲರೂ ಚಳಿಯನ್ನೇ ಬೈತಿದ್ದೀರಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ತೋಡಿನಲ್ಲಿ ಮೀನು ಮಾಯವಾಗೋದಕ್ಕೆ ಇನ್ನೊಂದು ಕಾರಣ ಪಲ್ಪರ್ ನೀರು. ಅರೇಬಿಕಾ ಹಣ್ಣು ಸುಲಿದು ತೊಳೆದ ನೀರು ಹುಳಿ, ಅದರಲ್ಲಿರೋ ಸಕ್ಕರೆ, ಲೋಳೆ ಕೊಳೆಯೋಕೆ ಹೊಳೆಯ ಆಮ್ಲಜನಕವನ್ನೆಲ್ಲ ಹೀರ್ಕೊಳ್ಳುತ್ತೆ. ಅದನ್ನ ತೋಟದ ಗುಂಡಿಯಲ್ಲೇ ನಿಲ್ಲಿಸಿ ಸುಣ್ಣ ಹಾಕಿ ಸಂಸ್ಕರಿಸಬೇಕು, ತೋಡಿಗೆ ಬಿಡೋದು ಕಾನೂನುಬಾಹಿರ. ಆದರೂ ರಾತ್ರಿ ಬಿಡೋರಿದ್ದಾರೆ.

ಗುರುತು ಹಿಡಿಯೋದು ಸುಲಭ. ಚಹಾ ಬಣ್ಣ, ಹುಳಿ ಹೆಂಡದಂಥ ವಾಸನೆ, ಅಲುಗಿದ ಕಡೆ ಒಡೆಯದ ನೊರೆ, ಕಲ್ಲಿನ ಮೇಲೆ ಬೂದು ಬಿಳಿ ಹತ್ತಿಯಂಥ ಲೋಳೆ. ಈ ನಾಲ್ಕರಲ್ಲಿ ಎರಡು ಕಂಡ್ರೆ ಅಲ್ಲಿ ಥರ್ಮಾಮೀಟರ್ ಏನು ಹೇಳಿದ್ರೂ ಗಾಳ ಹಾಕೋದು ದಂಡ. ಉಪನದಿ ಸೇರೋ ಜಾಗದಿಂದ ಮೇಲಕ್ಕೆ ಹೋಗಿ ನೋಡಿ.

ನೀರು ಇಳಿದ ಮಡುಗಳಿಗೆ ತೋಟೆ (ಸಿಡಿಮದ್ದು) ಹಾಕೋದು, ಬ್ಲೀಚಿಂಗ್ ಪೌಡರ್ ಸುರಿಯೋದು, ಕಾರೆಕಾಯಿ ಜಜ್ಜಿ ಹಾಕೋದೂ ಇದೇ ಕಾಲದಲ್ಲಿ. ದೊಡ್ಡ ಸಣ್ಣ ಅನ್ನದೆ ಎಲ್ಲ ಜಾತಿಯ ಮೀನು ಒಟ್ಟಿಗೆ ತೇಲ್ತಾ ಇದ್ರೆ ವಿಷ ಅಂತಲೇ ತಿಳ್ಕೊಳ್ಳಿ. ಅಂಥ ಮೀನು ಮನೆಗೆ ತರಬೇಡಿ.

ಹೊಸಗಾಳ
ಬಟ್ಟೆ, ಶೂ ಬಗ್ಗೆ ಯಾರೂ ಹೇಳಲಿಲ್ಲ 🙂

ಬರಪೊಳೆ
ಹತ್ತಿ ಬಟ್ಟೆ ಒದ್ದೆಯಾದ್ರೆ ಒಣಗಲ್ಲ, ಮೈ ಕಾವು ಎಳೆಯುತ್ತೆ. ಒಳಗೆ ತೆಳು ಪಾಲಿಸ್ಟರ್ ಬನಿಯನ್, ನಡುವೆ ಉಣ್ಣೆ ಸ್ವೆಟರ್, ಮೇಲೆ ಗಾಳಿ ತಡೆಯೋ ಜಾಕೆಟ್. ಬಿಸಿಲೇರಿದ ಮೇಲೆ ಒಂದೊಂದೇ ಕಳಚಬಹುದು. ಚಳಿ ಹತ್ತೋದು ಕಾಲಿನಿಂದ. ಗಂಬೂಟು ಒಂದು ನಂಬರು ದೊಡ್ಡದು ತಗೊಂಡು ಉಣ್ಣೆ ಕಾಲುಚೀಲ ಹಾಕಿ. ಬಿಗಿಯಾದ ಬೂಟಿನಲ್ಲಿ ಎರಡು ಜೊತೆ ಕಾಲುಚೀಲ ಹಾಕಿದ್ರೆ ರಕ್ತ ಓಡಾಡದೆ ಇನ್ನೂ ಚಳಿ. ಕೂರೋಕೆ ಬಂಡೆ ಬೇಡ, ಮಡಚಿದ ಗೋಣಿಚೀಲ ಹಾಕ್ಕೊಳ್ಳಿ.

ತಿಳಿ ನೀರಿನ ಬಂಡೆ ಮೇಲೆ ಈಗ ಕಂದು ಪಾಚಿ, ಗಂಬೂಟು ಬೆಣ್ಣೆ ಮೇಲೆ ಇಟ್ಟ ಹಾಗೆ ಜಾರುತ್ತೆ. ನೀರಿಗೆ ಇಳಿಯದೇ ಹಾಕೋದು ಕ್ಷೇಮ. ಗಂಬೂಟಿನೊಳಗೆ ನೀರು ತುಂಬಿದ್ರೆ ಏಳೋದು ಕಷ್ಟ. ಜಿಗಣೆ ಕಾಟ ಇಲ್ಲ ಅಂತ ಖುಷಿ ಪಡೋಷ್ಟರಲ್ಲಿ ಉಣುಗು ಶುರುವಾಗಿರುತ್ತೆ. ಒಣ ಹುಲ್ಲಲ್ಲಿ ಕೂತು ಬಂದ್ರೆ ಕಂಕುಳು, ಸೊಂಟ ನೋಡ್ಕೊಳ್ಳಿ.

ಹಟ್ಟಿಹೊಳೆ
ಒಂದು ಬಿಟ್ಟುಹೋಯ್ತು, ಆನೆ. ಬೆಳಗಿನ ಮಂಜಿನಲ್ಲಿ 20 ಮೀಟರ್ ಆಚೆ ಏನಿದೆ ಅಂತ ಕಾಣಲ್ಲ. ಭತ್ತದ ಕಟಾವು, ಕಾಫಿ ಹಣ್ಣಿನ ಕಾಲದಲ್ಲಿ ಅವು ತೋಟ, ಗದ್ದೆಯಲ್ಲೇ ಇರುತ್ತವೆ, ನೀರಿಗೂ ಬರುತ್ತವೆ. ದುಬಾರೆ, ಸಿದ್ದಾಪುರ, ತಿತಿಮತಿ ಕಡೆಯವರು ಅರಣ್ಯ ಇಲಾಖೆ ಕಳಿಸೋ ಆನೆ ಸಂಚಾರದ ಸಂದೇಶ ನೋಡದೆ ಹೊರಡಬೇಡಿ. 11ಕ್ಕೆ ಹೋಗಿ 4ಕ್ಕೆ ಎದ್ದು ಬನ್ನಿ ಅನ್ನೋದಕ್ಕೆ ಮೀನಿನ ಹಸಿವಿನ ಜೊತೆ ಇದೂ ಒಂದು ಕಾರಣ.

ಸೀಸದಗುಂಡು
@ಹೊಸಗಾಳ ನಾಳೆ ಹೋಗೋದಾದ್ರೆ: 0.22 ನೂಲು, 10ನೇ ನಂಬರು ಗಾಳ, ಅರ್ಧ ಹುಳ, ಉತ್ತರ ದಂಡೆ. ಒಂದೇ ಜಾಗದಲ್ಲಿ 40 ನಿಮಿಷ ಬೆಂಡು ಅಲುಗದಿದ್ರೆ ಆಳ ಒಂದು ಅಡಿ ಬದಲಿಸಿ. ಆಗಲೂ ಇಲ್ಲ ಅಂದ್ರೆ 30 ಹೆಜ್ಜೆ ಪಕ್ಕಕ್ಕೆ ಹೋಗಿ. ಚಳಿಯಲ್ಲಿ ಮೀನು ಇರೆ ಹುಡುಕ್ಕೊಂಡು ಬರಲ್ಲ, ಅದರ ಮೂಗಿನ ಮುಂದೆ ಇಡಬೇಕು. ಥರ್ಮಾಮೀಟರ್ ಅಂಕಿ ಎಷ್ಟು ಬಂತು ಅಂತ ಇಲ್ಲೇ ಹಾಕು.

ಹೊಸಗಾಳ
ಆಯ್ತು ಸರ್. ಬಾಟಲಿ, ಕಲ್ಲು, ದಾರ ರೆಡಿ. ರಾಗಿಗೆ ಬಾಳೆಹಣ್ಣು ಯಾವುದಾದ್ರೂ ಆಗುತ್ತಾ ಅಕ್ಕ?

ತೌಡುಹಿಂಡಿ
ಸಿಪ್ಪೆ ಕಪ್ಪಾದ ಪುಟ್ಟಬಾಳೆ. ನೇಂದ್ರ ಬೇಡ, ಗಟ್ಟಿ, ರಾಗಿ ಜೊತೆ ಹೊಂದಲ್ಲ.